ಹನುಮಂತರಾಯಪ್ಪನವರ ಏಳನೇ ತಿಂಗಳು

ಹೋದ ತಿಂಗಳು ಮೂವರು ಹುಡುಗಿಯರು ಗೋವಿಂದರಾಜನಗರದ ನಮ್ಮ ಮನೆ ಹುಡುಕಿಕೊಂಡು ಬಂದರು. ಮೂವರೂ ಕಾಳು ಕೇಂದ್ರದ ಕೆಲಸಕ್ಕೆ ಹೊಸದಾಗಿ ಆಯ್ಕೆಯಾದವರು. "ಟ್ರೇನಿಂಗಲ್ಲಿ ಎಲ್ಲಾ ಹೇಳ್ಕೊಟ್ಟಿದಾರೆ ಮೇಡಂ. ಆದ್ರೂ ನಿಜವಾಗ್ಲೂ ಕೆಲ್ಸ ಹೆಂಗಿರುತ್ತೆ ಅಂತ ನಿಮ್ಮ ಬಾಯಲ್ಲಿ ಕೇಳ್ಬೇಕು," ಅಂದರು. ನಾನು ಉಬ್ಬಿಹೋದೆ. ಕಾಫಿ ಮಾಡಿಕೊಟ್ಟು, ಸೂಜಿ ಹಿಡಿಯುವುದು ಹೇಗೆ, ಹೆದರಿದವರ ಜೊತೆ ಮಾತಾಡುವುದು ಹೇಗೆ ಎಂದು ಎರಡು ಗಂಟೆ ಉಪದೇಶ ಮಾಡಿದೆ. ಚಪ್ಪಲಿ ಮೆಟ್ಟುವಾಗ ಅವರಲ್ಲಿ ಚಿಕ್ಕವಳು ತಡೆಯಲಾರದೆ ಕೇಳಿಯೇಬಿಟ್ಟಳು: "ಮೇಡಂ, ಗಂಡಸಿಗೆ ಬಸುರಿ ಕಾಳು ಹಾಕಿದ್ದು ನೀವೇ ಅಂತೆ, ಹೌದಾ?"

ನಿವೃತ್ತಿಯಾಗುವವರೆಗೆ ದುಡಿದು ನಾನು ಸಂಪಾದಿಸಿದ ಕೀರ್ತಿ ಇದು. ಹೇಗೂ ಊರೆಲ್ಲ ಹಬ್ಬಿದೆ, ನಡೆದದ್ದನ್ನು ನಡೆದಂತೆ ನಾನೇ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ನಾನು ಆರೋಗ್ಯ ಇಲಾಖೆ ಸೇರಿದಾಗ ಕಾಳು ಇರಲಿಲ್ಲ, ಪಟ್ಟಿ ಇತ್ತು. ಮುಂಗೈಗೆ ಕಟ್ಟಿಕೊಳ್ಳುವ ಪಟ್ಟಿ. ಮೊದಮೊದಲು ಕಾಸಿದ್ದವರು ಶೋಕಿಗೆ ಕಟ್ಟುತ್ತಿದ್ದರು. ನಾಡಿ ಎಷ್ಟು, ದಿನಕ್ಕೆ ಹೆಜ್ಜೆ ಎಷ್ಟು, ನಿದ್ದೆ ಎಷ್ಟು ಎಂದು ಅದು ಹೇಳುತ್ತಿತ್ತು. ಆಮೇಲೆ ಸರ್ಕಾರ ಎಲ್ಲರಿಗೂ ಕಡ್ಡಾಯ ಮಾಡಿತು. ಪಟ್ಟಿ ಇಲ್ಲದಿದ್ದರೆ ಆಸ್ಪತ್ರೆಯ ಚೀಟಿ ಇಲ್ಲ, ಹೆಜ್ಜೆ ಕಡಿಮೆಯಾದರೆ ಆರೋಗ್ಯ ಕಾರ್ಡಿನ ಸವಲತ್ತು ಇಲ್ಲ. ಯಾರ ಪಟ್ಟಿ ಯಾರ ಕೈಯಲ್ಲಿದೆ ಎಂದು ಮನೆಮನೆಗೆ ಹೋಗಿ ನೋಡುವುದು ನನ್ನ ಕೆಲಸ.

ನಾನು ಹೇಗೆ ನೋಡುತ್ತಿದ್ದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬಸವೇಶ್ವರನಗರದಲ್ಲಿ ಒಬ್ಬ ಹೆಂಗಸಿನ ಹೆಜ್ಜೆಯ ಲೆಕ್ಕ ವಾರ್ಡಿನಲ್ಲೇ ಎಲ್ಲರಿಗಿಂತ ಮೇಲಿತ್ತು. ಸಮಾರಂಭ ಮಾಡಿ 'ಅತ್ಯುತ್ತಮ ನಡಿಗೆದಾರರು' ಎಂದು ಸನ್ಮಾನಿಸಬೇಕೆಂದು ಬರೆದವಳು ನಾನೇ. ಮಂಡಿನೋವಿನಿಂದ ಆಕೆಗೆ ವೇದಿಕೆಯ ಮೂರು ಮೆಟ್ಟಿಲು ಹತ್ತಲಾಗಲಿಲ್ಲ. ನಾನೇ ತೋಳು ಹಿಡಿದು ಹತ್ತಿಸಿದೆ, ಶಾಲು ಹೊದಿಸಿದೆ, ಚಪ್ಪಾಳೆಯನ್ನೂ ತಟ್ಟಿದೆ. ಆಕೆ ದೋಸೆಹಿಟ್ಟಿನ ವ್ಯಾಪಾರ ಮಾಡುತ್ತಿದ್ದರು. ರುಬ್ಬುವ ಗ್ರೈಂಡರಿನ ಪಾತ್ರೆಗೆ ಪಟ್ಟಿ ಸುತ್ತಿ ಬಿಡುತ್ತಿದ್ದರು, ಅದು ದಿನವಿಡೀ ತಿರುಗುತ್ತಿತ್ತು. ಎಲ್ಲರಿಗೂ ಹೊಳೆದ ಮೇಲೆ ನನಗೆ ಹೊಳೆಯಿತು.

ಇಂಥ ಆಟ ಊರೂರಲ್ಲೂ ನಡೆಯುತ್ತಿದ್ದುದರಿಂದ, ಬಿಚ್ಚಲು ಬರುವಂಥದ್ದು ಬೇಡವೇ ಬೇಡ ಎಂದು ಮೇಲಿನವರು ತೀರ್ಮಾನಿಸಿದರು. ಹೀಗೆ ಕಾಳು ಬಂತು. ಕಾಗದದ ಮೇಲೆ ಅದಕ್ಕೊಂದು ಉದ್ದ ಹೆಸರಿದೆ. ಅಕ್ಕಿಕಾಳಿನಷ್ಟೇ ಇದ್ದುದರಿಂದ ಜನ ಕಾಳು ಅಂದರು, ನಾವೂ ಅಂದೆವು. ದಪ್ಪ ಸೂಜಿಯಿಂದ ಎಡತೋಳಿನ ಚರ್ಮದ ಕೆಳಗೆ ಇಳಿಸಿದರೆ ಮುಗಿಯಿತು. ಬಸ್ಸಿನ ಬಾಗಿಲು, ರೇಷನ್ ಅಂಗಡಿ, ಆಸ್ಪತ್ರೆ ಎಲ್ಲ ಕಡೆಯೂ ಒಂದೊಂದು ಯಂತ್ರ ತೋಳನ್ನು ಓದಿ, ಇವರು ಇಂಥವರು, ಇವರ ಮೈಯಲ್ಲಿ ಇಂಥದ್ದು ನಡೆದಿದೆ ಎಂದು ಹೇಳತೊಡಗಿತು. ಹಾಕಿಸಿಕೊಳ್ಳದವರಿಗೆ ಇವು ಯಾವುದರ ಬಾಗಿಲೂ ತೆರೆಯುತ್ತಿರಲಿಲ್ಲ. ವಿಜಯನಗರದ ಮಾರ್ಕೆಟ್ಟಿನ ಹಿಂದಿನ ನಮ್ಮ ಕೇಂದ್ರದ ಮುಂದೆ ಬೆಳಿಗ್ಗೆಯಿಂದಲೇ ಸಾಲು. 'ಕಾಳು ಹಾಕೋ ಅಕ್ಕ' ಎನ್ನುತ್ತಿದ್ದ ಜನ ಕ್ರಮೇಣ ಅದನ್ನು ಸವೆಸಿ ನನ್ನನ್ನು 'ಕಾಳಕ್ಕ' ಮಾಡಿದರು. ನನ್ನ ಹೆಸರು ನಾಗರತ್ನ ಎಂಬುದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ನಮ್ಮ ಮೇಲಧಿಕಾರಿ ಡಾಕ್ಟರ್ ಗುರುಮೂರ್ತಿ. ಕೆಟ್ಟವರಲ್ಲ. ಮಗಳ ಮದುವೆ ಕಾಗದ ಕೊಡಲು ಪ್ರತಿಯೊಬ್ಬರ ಮನೆಗೂ ಬಂದಿದ್ದರು. ಆದರೆ ಅವರು ಮನುಷ್ಯರ ನಾಡಿ ಹಿಡಿದು ಎಷ್ಟು ಕಾಲವಾಗಿತ್ತೋ; ಯಂತ್ರದ ಪರದೆಯನ್ನು ಬಿಟ್ಟು ಬೇರೆ ಕಡೆ ನೋಡಿದ್ದನ್ನು ನಾನು ಕಂಡಿಲ್ಲ. "ಮನುಷ್ಯ ಸುಳ್ಳು ಹೇಳ್ತಾನೆ ನಾಗರತ್ನಮ್ಮ, ಕಾಳು ಹೇಳಲ್ಲ," ಅನ್ನುತ್ತಿದ್ದರು. ನಾನು ಅದನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು, ಬಂದವರಿಗೆಲ್ಲ ನನ್ನದೇ ಮಾತೆಂಬಂತೆ ಹೇಳುತ್ತಿದ್ದೆ.

ಒಂದು ದಿನ ಶ್ರೀಗಂಧದ ಕಾವಲಿನಿಂದ ಒಂದು ಕುಟುಂಬ ಬಂತು. ಹನುಮಂತರಾಯಪ್ಪನವರು ಅರವತ್ತು ದಾಟಿದವರು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ನೆಲದ ಮೇಲೆ ಬಾಡಿಗೆ ಮನೆ ಕಟ್ಟಿಸಿಕೊಂಡಿದ್ದಾರೆ. ಹೆಂಡತಿ ತೀರಿಕೊಂಡಿದ್ದರು. ಜೊತೆಗೆ ಸೊಸೆ ಭವ್ಯ, ನಾಲ್ಕು ತಿಂಗಳ ಗರ್ಭಿಣಿ. ಅವಳ ಗಂಡ ಕೆಲಸದ ಮೇಲೆ ಊರೂರು ತಿರುಗುವವನು, ಅವತ್ತು ಬಂದಿರಲಿಲ್ಲ.

ಅವತ್ತು ನಾನು ಒಂದು ಜಂಬದಲ್ಲಿದ್ದೆ. ಆ ವಾರ ಪಶ್ಚಿಮ ವಲಯದಲ್ಲೇ ನನ್ನ ಕೈ ಎಲ್ಲರಿಗಿಂತ ಚುರುಕು ಎಂದು ಡಾಕ್ಟರು ಮೀಟಿಂಗಿನಲ್ಲಿ ಹೇಳಿದ್ದರು. ಅದನ್ನು ಪಕ್ಕದ ಮೇಜಿನವಳಿಗೆ ಮೂರನೇ ಸಲ ಹೇಳುತ್ತಿದ್ದೆ. ತಟ್ಟೆಯಲ್ಲಿ ಎರಡು ಸೂಜಿ ಸಿದ್ಧವಾಗಿದ್ದವು, ಒಂದರೊಳಗಿನ ಕಾಳಿನ ನಂಬರಿಗೆ ಮಾವನ ಹೆಸರು, ಇನ್ನೊಂದಕ್ಕೆ ಸೊಸೆಯ ಹೆಸರು ಆಗಲೇ ಅಂಟಿತ್ತು. ನನ್ನ ಬಾಯಿ ನನ್ನ ಚುರುಕನ್ನು ಹೊಗಳುತ್ತಿದ್ದಾಗ ನನ್ನ ಕೈ ಚುರುಕಾಗಿ ಮಾವನದನ್ನು ಸೊಸೆಗೂ ಸೊಸೆಯದನ್ನು ಮಾವನಿಗೂ ಹಾಕಿ ಮುಗಿಸಿತು. "ಇನ್ಮೇಲೆ ಏನೂ ಯೋಚ್ನೆ ಇಲ್ಲ ಅಜ್ಜ," ಎಂದು ಕಳಿಸಿಕೊಟ್ಟೆ.

ಸುಮಾರು ಎರಡು ತಿಂಗಳಾದ ಮೇಲೆ ಹನುಮಂತರಾಯಪ್ಪನವರು ಒಬ್ಬರೇ ಬಂದರು.

"ಏನೋ ಎಡವಟ್ಟಾಗದೆ ಕಣಮ್ಮ. ಬಸ್ ಹತ್ತಿದ್ರೆ ಸಾಕು, ಬಾಗ್ಲಲ್ಲಿರೋ ಮೆಷಿನ್ನು 'ಗರ್ಭಿಣಿಯರಿಗೆ ಸೀಟು ಬಿಟ್ಟುಕೊಡಿ' ಅಂತ ಕೂಗ್ತದೆ. ಮೊದ್ಲು ಯಾರೋ ನನ್ನ ಹಿಂದೆ ಹತ್ತವ್ರೆ ಅಂದ್ಕಂಡೆ. ತಿರುಗಿ ನೋಡಿದ್ರೆ ಯಾರೂ ಇಲ್ಲ."

"ಸೀಟ್ ಸಿಗ್ತಾ ಅಜ್ಜ?"

"ಸಿಗ್ತದೆ."

"ಮತ್ತೇನು ಕಷ್ಟ?"

ಪಕ್ಕದ ಮೇಜಿನವಳು ನಕ್ಕಳು. ನನ್ನ ಹಾಸ್ಯಕ್ಕೆ ನಾನೂ ನಕ್ಕೆ. ಅಜ್ಜ ನಗಲಿಲ್ಲ. ರೇಷನ್ ಅಂಗಡಿಯಲ್ಲೂ ಹೀಗೇ ಆಗುತ್ತಿದೆ, ಸ್ವಲ್ಪ ಆ ಯಂತ್ರವನ್ನು ತೋಳಿಗೆ ಹಿಡಿದು ನೋಡಮ್ಮ ಅಂದರು. ಹಿಡಿದಿದ್ದರೆ ಒಂದು ನಿಮಿಷದ ಕೆಲಸ. ಸಾಲು ಉದ್ದವಿತ್ತು, ನನ್ನ ಚುರುಕಿನ ಹೆಸರು ಉಳಿಸಿಕೊಳ್ಳಬೇಕಿತ್ತು. "ಬಸ್ಸಿನ ಮೆಷಿನ್ ಕೆಟ್ಟಿರುತ್ತೆ ಅಜ್ಜ. ಕಾಳು ತಪ್ಪು ಹೇಳಲ್ಲ," ಎಂದು ಕಳಿಸಿದೆ. ಸೂಜಿ ಅದಲುಬದಲಾದದ್ದು ಕೈತಪ್ಪು. ಇದು ಕೈತಪ್ಪಲ್ಲ. ಈ ವ್ಯತ್ಯಾಸವನ್ನು ಹೊಸ ಹುಡುಗಿಯರು ತಿಳಿದುಕೊಂಡರೆ ನನ್ನಿಂದ ಅವರಿಗಾಗುವ ಉಪಕಾರ ಅಷ್ಟೇ.

ಅದಾಗಿ ಮೂರು ವಾರಕ್ಕೆ, ಒಂದು ಮಧ್ಯಾಹ್ನ, ಹನುಮಂತರಾಯಪ್ಪನವರು ಊಟ ಮಾಡಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದವರು ಎದೆ ಹಿಡಿದುಕೊಂಡು ಒಂದು ಕಡೆಗೆ ವಾಲಿದರು. ಕಾಳು ತನ್ನ ಕೆಲಸ ಮಾಡಿತು. ಭವ್ಯ ಎಂಬ ಏಳು ತಿಂಗಳ ಗರ್ಭಿಣಿಯ ಜೀವಕ್ಕೆ ಅಪಾಯವೆಂದು ಸುದ್ದಿ ಕಳಿಸಿತು. ಹತ್ತು ನಿಮಿಷದಲ್ಲಿ ಹೆರಿಗೆ ಆಸ್ಪತ್ರೆಯ ಆಂಬುಲೆನ್ಸ್ ಬಂದು ನಿಂತಿತು.

ಮುಂದಿನದನ್ನು ಭವ್ಯಳ ಬಾಯಲ್ಲೇ ಕೇಳಿದ್ದೇನೆ. ಇಳಿದ ಇಬ್ಬರು ಅಜ್ಜನ ತೋಳಿಗೆ ಯಂತ್ರ ಹಿಡಿದರು. ಪರದೆಯ ಮೇಲೆ ಭವ್ಯಳ ಫೋಟೋ. ಮುಖ ಹೊಂದದಿದ್ದರೆ ಗಾಡಿಗೆ ಹತ್ತಿಸುವಂತಿಲ್ಲ ಎಂಬುದು ನಿಯಮ. "ಇದು ಪೇಷಂಟ್ ಅಲ್ಲ. ಹೆಂಗಸು ಎಲ್ಲಿ?" ಅಂದರು. ಅಜ್ಜನ ತುಟಿ ಕಪ್ಪಾಗುತ್ತಿತ್ತು. ಭವ್ಯ ಒಳಗಿಂದ ಓಡಿಬಂದಳು. ಅವರು ವಾದಕ್ಕೆ ನಿಂತಿದ್ದಾರೆ, ವಾದ ಮಾಡಿದರೆ ಮಾವ ಉಳಿಯುವುದಿಲ್ಲ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತಂತೆ.

"ನಾನೇ ಭವ್ಯ. ಫೋಟೋ ನೋಡಿ, ನನ್ನ ಮುಖ ನೋಡಿ. ಪೇಷಂಟ್ ನಾನೇ. ಇವ್ರು ನನ್ನ ಜೊತೆಗೆ ಬರೋರು. ಇವ್ರಿಲ್ದೆ ನಾನು ಬರಲ್ಲ. ನನಗೇನಾದ್ರೂ ಆದ್ರೆ ನಿಮ್ಮೇಲೇ ಬರುತ್ತೆ, ಹತ್ಸಿ!"

ಹೊಟ್ಟೆ ಹಿಡಿದುಕೊಂಡು ತಾನೇ ಗಾಡಿ ಹತ್ತಿ ಕೂತಳು. ಅವರು ಅಜ್ಜನನ್ನೂ ಎತ್ತಿ ಒಳಗೆ ಹಾಕಿದರು. ಗಾಡಿ ಹೊರಟ ಮೇಲೆ ಮಲಗುವ ಜಾಗದಲ್ಲಿ ಮಾವನನ್ನು ಮಲಗಿಸಿ, ಜೊತೆಗೆ ಬರುವವರ ಸೀಟಿನಲ್ಲಿ ಅವಳು ಕೂತಳು. ಹೆರಿಗೆ ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಇದ್ದರು. ಆಕೆ ಪರದೆಯ ಕಡೆ ನೋಡಲೇ ಇಲ್ಲ. ಅಜ್ಜನ ಮುಂಗೈ ಹಿಡಿದರು, ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು, ಪಕ್ಕದ ದೊಡ್ಡ ಆಸ್ಪತ್ರೆಗೆ ತಾವೇ ಜೊತೆಗೆ ಹೋದರು. ಅಜ್ಜ ಉಳಿದರು.

ಮರುದಿನ ಭವ್ಯ ನಮ್ಮ ಕೇಂದ್ರಕ್ಕೆ ಬಂದು ಸಾಲನ್ನೆಲ್ಲ ದಾಟಿ ನನ್ನ ಮೇಜಿನ ಮುಂದೆ ನಿಂತು ತೋಳು ಚಾಚಿದಳು.

"ಓದಿ ಮೇಡಂ."

ಹಿಡಿದೆ. ಪರದೆಯ ಮೇಲೆ ಹನುಮಂತರಾಯಪ್ಪನವರ ಮೀಸೆ ಕಂಡಿತು.

"ನಮ್ಮಾವ ಬಂದು ಹೇಳಿದ್ರಲ್ಲ ನಿಮಗೆ? ಒಂದ್ಸಲ ನೋಡಕ್ಕಾಗ್ಲಿಲ್ವಾ?"

ಯಾವತ್ತೂ ಬಾಯಿ ಮುಚ್ಚದವಳು ಅವತ್ತು ಮುಚ್ಚಿದ್ದನ್ನು ಪಕ್ಕದ ಮೇಜಿನವಳು ಬಹಳ ದಿನ ನೆನೆಸಿಕೊಳ್ಳುತ್ತಿದ್ದಳು.

ಡಾಕ್ಟರ್ ಗುರುಮೂರ್ತಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಮ್ಮ ಫಾರಂ ನೋಡಿದೀರಾ ನಾಗರತ್ನಮ್ಮ? ಅದ್ರಲ್ಲಿ ಸಿಬ್ಬಂದಿ ತಪ್ಪು ಅಂತ ಕಾಲಮ್ಮೇ ಇಲ್ಲ. 'ಫಲಾನುಭವಿಗಳು ಬದಲಾಯಿಸಿಕೊಂಡಿದ್ದಾರೆ' ಅಂತ ಇದೆ. ಅದಕ್ಕೆ ಟಿಕ್ ಹಾಕಿ."

"ಸಾರ್, ಅವ್ರು ಹೆಂಗೆ ಬದಲಾಯಿಸ್ಕೊಳ್ತಾರೆ? ತೋಳೊಳಗಿರೋದು."

"ಅದನ್ನ ಅವ್ರು ವಿವರಿಸ್ಲಿ. ನಿಮಗೆ ಇನ್ನೂ ಸರ್ವಿಸ್ ಇದೆ. ಯೋಚ್ನೆ ಮಾಡಿ."

ಯೋಚನೆ ಮಾಡಿದೆ. ಎಷ್ಟು ಹೊತ್ತು ಎಂದರೆ ಪೆನ್ನಿನ ಕ್ಯಾಪ್ ತೆಗೆಯುವಷ್ಟು ಹೊತ್ತು. ಟಿಕ್ ಹಾಕಿ ಸಹಿ ಮಾಡಿದೆ. ಆಮೇಲೆ ಧೈರ್ಯ ತೋರಿಸಿದಳು ಎಂದು ನನ್ನ ಬಗ್ಗೆ ಯಾರಾದರೂ ಹೇಳಿದರೆ ಹುಡುಗಿಯರು ಇದನ್ನೂ ಸೇರಿಸಿ ಕೇಳಬೇಕು.

ಕಾಳಿನ ನಂಬರಿಗೆ ಒಂದು ಸಲ ಅಂಟಿದ ಹೆಸರು ಬದಲಾಗುವುದಿಲ್ಲ, ಕಾಳನ್ನೇ ತಕ್ಷಣ ಅದಲುಬದಲು ಮಾಡುವಂತೆಯೂ ಇರಲಿಲ್ಲ. ತೆಗೆಯಬೇಕಾದರೆ ತೋಳು ಕೊಯ್ಯಬೇಕು. ಅಜ್ಜ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರು, ಸೊಸೆ ಬಸುರಿ, ಹೆರಿಗೆಯಾಗುವವರೆಗೆ ಇಬ್ಬರಿಗೂ ಚಾಕು ತಾಗಿಸಬಾರದು ಅಂದರು ಆಸ್ಪತ್ರೆಯವರು. ಅಲ್ಲಿಯವರೆಗೆ ಯಂತ್ರಗಳ ಪಾಲಿಗೆ ಹನುಮಂತರಾಯಪ್ಪನವರೇ ಬಸುರಿ. ಏಳನೇ ತಿಂಗಳಿಂದ ಶುರುವಾಗುವ ತಿಂಗಳ ತಪಾಸಣೆಯನ್ನು ಗರ್ಭಿಣಿ ತಪ್ಪಿಸಿದರೆ ಹೆಸರು ಕಡಿದುಹೋಗುತ್ತದೆ, ಹೆಸರು ಕಡಿದರೆ ಹೆರಿಗೆಗೆ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ಆದ್ದರಿಂದ ಭವ್ಯ ತಪಾಸಣೆಗೆ ಹೋಗುವಾಗ ತೋಳು ಓದಿಸಲು ಅಜ್ಜನೂ ಹೋಗಿ ಸಾಲಿನಲ್ಲಿ ಕೂರಬೇಕು. ಅವರನ್ನು ಕರೆದುಕೊಂಡು ಹೋಗಿ ಬರುವ ಕೆಲಸವನ್ನು ಡಾಕ್ಟರು ನನಗೇ ಒಪ್ಪಿಸಿದರು.

ಮೊದಲ ದಿನ ನನಗೇ ನಾಚಿಕೆ. ಬಸುರಿಯರ ಸಾಲಿನ ನಡುವೆ ಬಿಳಿ ಪಂಚೆ, ಮೀಸೆ. ಟೋಕನ್ ಯಂತ್ರ "ಭವ್ಯ" ಅಂದಾಗ ಇಬ್ಬರು ಏಳುತ್ತಿದ್ದರು. ಎರಡನೇ ಸಲ ಹೋಗುವಷ್ಟರಲ್ಲಿ ಹೆಂಗಸರು ಅಜ್ಜನಿಗಾಗಿ ಜಾಗ ಹಿಡಿದಿಟ್ಟಿದ್ದರು. "ಎಷ್ಟು ತಿಂಗಳು ಅಜ್ಜ?" ಎಂದು ಒಬ್ಬಳು ರೇಗಿಸಿದರೆ, "ಎಂಟು ತುಂಬ್ತಾ ಬಂತು ಕಣವ್ವ, ಸೊಂಟ ಹಿಡ್ಕಂಡದೆ," ಅನ್ನುತ್ತಿದ್ದರು. ಇಡೀ ಸಾಲು ನಗುತ್ತಿತ್ತು.

ಒಂಬತ್ತನೇ ತಿಂಗಳ ತಪಾಸಣೆಯ ದಿನ ಅವರು ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕೂತು, ಎದುರಿಗೆ ಗೋಡೆಗೊರಗಿ ನಿಂತಿದ್ದ ಒಬ್ಬ ತುಂಬು ಬಸುರಿಯನ್ನೇ ನೋಡುತ್ತಿದ್ದರು. ಭವ್ಯ ಒಳಗೆ ರಕ್ತ ಕೊಡಲು ಹೋಗಿದ್ದಳು.

"ನಮ್ಮನೆಯೋಳಿಗೆ ಮೂರು ಹೆರಿಗೆ ಆತಮ್ಮ," ಅಂದರು. "ಒಂದಕ್ಕೂ ನಾನು ಹೋಗ್ಲಿಲ್ಲ. ಒಂದ್ಸಲ ಹೊಲ್ದಲ್ಲಿದ್ದೆ, ಒಂದ್ಸಲ ಪಂಚಾಯ್ತಿ ಅಂತ ಕೂತಿದ್ದೆ. ಹಿಂಗೆ ಕಾಯ್ತಾ ಕೂರ್ತಾರೆ ಅನ್ನೋದೇ ಗೊತ್ತಿರ್ಲಿಲ್ಲ ನನಗೆ. ಅವ್ಳೂ ಹೇಳ್ಲಿಲ್ಲ."

ಆಮೇಲೆ ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದು ನನಗೆ ಕೊಟ್ಟರು. "ನಿಮ್ಮ ಆಫೀಸಿಂದ ಬಂದದೆ. ಭವ್ಯಂಗೆ ತೋರಿಸ್ಲಿಲ್ಲ, ತುಂಬಿದ ಬಸ್ರಿ. ಓದಮ್ಮ, ಏನಂತೆ?"

ಓದಿದೆ. ಕಾಳು ತಿರುಚಿದ ಆರೋಪದ ಮೇಲೆ ಈ ಕುಟುಂಬದ ಎಲ್ಲರ ಸವಲತ್ತು ರದ್ದಾಗಲಿದೆ, ಹುಟ್ಟುವ ಮಗುವನ್ನು ನೋಂದಾಯಿಸಲಾಗುವುದಿಲ್ಲ, ಪೊಲೀಸರಿಗೂ ದೂರು ಹೋಗಲಿದೆ. ಆಧಾರ: ಸಿಬ್ಬಂದಿ ನಾಗರತ್ನ ಅವರ ವರದಿ. ನನ್ನ ಹೆಸರಿದ್ದ ಸಾಲಿಗೆ ಬಂದೆ. ಅಜ್ಜನಿಗೆ ಓದಲು ಬರುವುದಿಲ್ಲ. ಆ ಸಾಲನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ನಿಜ ಹೇಳುತ್ತೇನೆ, ಬಿಟ್ಟು ಮುಂದೆ ಹೋದೆ. ಕೊನೆಯವರೆಗೆ ಓದಿದೆ. ಮಡಿಸಿದೆ. ಆಮೇಲೆ ಬಿಚ್ಚಿ ಬಿಟ್ಟ ಸಾಲನ್ನೂ ಓದಿದೆ.

"ಈ ವರದಿ ಬರೆದೋಳು ನಾನೇ ಅಜ್ಜ. ಸುಳ್ಳು ಬರೆದೆ. ಹೆದರಿಕೊಂಡು ಬರೆದೆ."

ಅವರು ಕಾಗದ ಇಸಿದುಕೊಂಡು ಮತ್ತೆ ಜೇಬಿಗಿಟ್ಟರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದಿದ್ದರೆ ಅತ್ತು ಹಗುರವಾಗಬಹುದಿತ್ತು. ಟೋಕನ್ ಯಂತ್ರ "ಭವ್ಯ" ಎಂದು ಕರೆಯಿತು. ಅವರು ಮಂಡಿಯ ಮೇಲೆ ಕೈಯೂರಿ ಎದ್ದರು.

"ನನಗೆ ಬರಿಯಕ್ಕೆ ಬರಲ್ಲ," ಅಂದರು. "ನಿನಗೆ ಬತ್ತದಲ್ಲ. ಬರಿ."

ಅವತ್ತೇ ಮಧ್ಯಾಹ್ನ ಬರೆದೆ. ಸೂಜಿ ಅದಲುಬದಲಾದದ್ದು, ಅಜ್ಜ ಬಂದು ಹೇಳಿದಾಗ ನಾನು ನೋಡದೆ ನಕ್ಕದ್ದು, ಮೊದಲ ವರದಿ ಸುಳ್ಳು, ಎಲ್ಲ. ಈ ಪತ್ರದ ವೀರಗಾಥೆ ಹೀಗಿದೆ: ಮೊದಲ ಸಲ ತಪ್ಪು ವಿಭಾಗಕ್ಕೆ ಕೊಟ್ಟೆ, ವಾಪಸ್ ಬಂತು. ಎರಡನೇ ಸಲ ಸಹಿ ಹಾಕಲು ಮರೆತಿದ್ದೆ. ಮೂರನೇ ಸಲ ಡಾಕ್ಟರ್ ಗುರುಮೂರ್ತಿಯವರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿದರು. 'ಯಾರು ಹೇಳಿದ ಹಾಗೆ' ಮೊದಲ ವರದಿ ಬರೆದೆ ಎಂಬ ಜಾಗದಲ್ಲಿ ನಾನು ಅವರ ಹೆಸರು ಬರೆದಿರಲಿಲ್ಲ. ಅದು ಔದಾರ್ಯವಲ್ಲ, ಅವರ ಕೈಗೇ ಕೊಡುವ ಕಾಗದದಲ್ಲಿ ಅವರ ಹೆಸರು ಬರೆಯುವ ಎದೆ ನನಗಿರಲಿಲ್ಲ. ಅವರು ತಮ್ಮದೇ ಪೆನ್ನು ತೆಗೆದು, ಖಾಲಿ ಬಿಟ್ಟಿದ್ದಲ್ಲಿ ತಮ್ಮ ಹೆಸರು ಬರೆದರು. ನಾನು ಏನೋ ಹೇಳಲು ಹೋದೆ. "ಸಾಲು ಕಾಯ್ತಾ ಇದೆ, ಹೋಗಿ," ಅಂದರು. ನಾನು ಅವರ ಬಗ್ಗೆ ಮಾಡಿಕೊಂಡಿದ್ದ ಅಭಿಪ್ರಾಯವೂ ತಪ್ಪೇ ಆಗಿತ್ತು.

ಕುಟುಂಬದ ಮೇಲಿನ ಆರೋಪ ಬಿತ್ತು. ಡಾಕ್ಟರನ್ನು ಯಾವುದೋ ಉಗ್ರಾಣದ ಉಸ್ತುವಾರಿಗೆ ಹಾಕಿದರು. ನನ್ನನ್ನು ಕೆಂಗೇರಿಯ ಕೇಂದ್ರಕ್ಕೆ ಎತ್ತಿಹಾಕಿದರು. ಭವ್ಯಳಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಿದವರು ಅದೇ ವಯಸ್ಸಾದ ಡಾಕ್ಟರಮ್ಮ. ಯಂತ್ರ ಹನುಮಂತರಾಯಪ್ಪನವರಿಗೆ ಹೆರಿಗೆಯಾಯಿತು ಎಂದದ್ದಕ್ಕೆ ಅದರ ವೈರು ಕಿತ್ತು, ತಾಯಿಯ ಹೆಸರನ್ನು ಕೈಯಲ್ಲಿ ಬರೆದರಂತೆ.

ಮಗುವಿಗೆ ಒಂದೂವರೆ ತಿಂಗಳಾದಾಗ ಮೂವರೂ ಆಟೋ ಮಾಡಿಕೊಂಡು ಕೆಂಗೇರಿಗೆ ಬಂದರು. ಆಸ್ಪತ್ರೆಯಲ್ಲಿ ಹಳೆಯ ಕಾಳು ತೆಗೆಸಿಕೊಂಡಿದ್ದ ಮಾವ ಸೊಸೆಯರಿಗೆ ಹೊಸದು ಹಾಕಬೇಕಿತ್ತು, ಮಗುವಿಗೂ ಹಾಕಿಸಬೇಕಿತ್ತು. ಮನೆಯ ಹತ್ತಿರ ಕೇಂದ್ರ ಇದ್ದರೂ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

"ನೀವಾದ್ರೆ ಈ ಸಲ ಎರಡೆರಡು ಸಲ ನೋಡ್ತೀರ ಅಂತ," ಅಂದಳು ಭವ್ಯ. ನನ್ನ ಸೇವೆಗೆ ಸಿಕ್ಕ ಒಂದೇ ಪ್ರಶಸ್ತಿಪತ್ರ ಅದು.

ಎರಡೆರಡು ಸಲವಲ್ಲ, ನಾಲ್ಕು ಸಲ ನೋಡಿದೆ. ಸೂಜಿ ಎತ್ತುವ ಮುಂಚೆ, "ನಿಮ್ಮ ಹೆಸರು ನೀವೇ ಹೇಳಿ," ಅಂದೆ. "ಹನುಮಂತರಾಯಪ್ಪ," ಅಂದರು ಅಜ್ಜ, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ. "ಭವ್ಯ," ಅಂದಳು ಸೊಸೆ. ಅವತ್ತಿನಿಂದ ನಾನು ಯಾರಿಗೇ ಆಗಲಿ ಹೆಸರು ಅವರ ಬಾಯಲ್ಲಿ ಕೇಳದೆ ಸೂಜಿ ಹಾಕಿಲ್ಲ. ಈಗ ಅದು ಎಲ್ಲ ಕೇಂದ್ರಗಳಲ್ಲೂ ನಿಯಮವಾಗಿದೆ ಎಂದು ಕೇಳಿದ್ದೇನೆ.

ಮಗುವಿನ ಸರದಿ ಬಂತು. ತೋಳು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಿತ್ತು. ಅದಕ್ಕೆ ಮುಂಚೆ ಎಷ್ಟು ಎಳೆಗೂಸುಗಳಿಗೆ ಹಾಕಿದ್ದೆನೋ, ಒಂದರ ತೋಳನ್ನೂ ನೋಡಿದ ನೆನಪಿಲ್ಲ.

"ಇವ್ಳಿಗೆ ಹಾಕ್ಲೇಬೇಕಾ ಮೇಡಂ?" ಅಂದಳು ಭವ್ಯ.

ಹಾಕಲೇಬೇಕು. ಕಾನೂನು. ಅದನ್ನೇ ಹೇಳಲು ಬಾಯಿ ತೆರೆದೆ, ಬೇರೆಯೇ ಮಾತು ಬಂತು. "ಹೆಸರೇನು ಇಟ್ಟಿದೀರ?"

"ಇನ್ನೂ ಇಟ್ಟಿಲ್ಲ."

"ಹಾಗಾದ್ರೆ ಹೆಂಗೆ ಹಾಕ್ಲಿ? ಹೆಸರು ಹೇಳ್ದೆ ನಾನು ಯಾರಿಗೂ ಹಾಕಲ್ಲ. ಇಟ್ಟಾದ್ಮೇಲೆ ಕರ್ಕೊಂಡ್ಬನ್ನಿ."

'ಭವ್ಯಳ ಮಗು' ಎಂದು ಬರೆದು ಹಾಕಬಹುದು ಎಂಬುದು ನನಗೂ ಗೊತ್ತಿತ್ತು. ಅಜ್ಜ ನನ್ನನ್ನು ಒಂದು ಸಲ, ಮಗುವನ್ನು ಒಂದು ಸಲ ನೋಡಿದರು. "ಒಳ್ಳೆ ಹೆಸ್ರು ಹುಡುಕ್ಬೇಕಲ್ಲ. ಆತುರಕ್ಕೆ ಆಗಲ್ಲ," ಎಂದು ಎದ್ದರು.

ಮನೆಯೊಳಗೆ ಏನು ಕರೆಯುತ್ತಿದ್ದರೋ ನಾನು ಕೇಳಲಿಲ್ಲ. ಕಾಗದದಲ್ಲಿ ಮಾತ್ರ ಅವರಿಗೆ ಒಂದೂ ಹೆಸರು ಹಿಡಿಸಲಿಲ್ಲ. ನನ್ನ ರಿಜಿಸ್ಟರಿನಲ್ಲಿ 'ಹೆಸರು ಬಾಕಿ' ಎಂಬ ಒಂದು ಸಾಲು ಹಾಗೇ ನಿಂತಿತು. ಹೊಸ ಮೇಲಧಿಕಾರಿ ಕೇಳಿದಾಗಲೆಲ್ಲ ನಾನು ಅಜ್ಜನಿಗೆ ಫೋನ್ ಮಾಡುತ್ತಿದ್ದೆ. "ಹುಡುಕ್ತಾ ಇದೀವಿ ಕಣಮ್ಮ," ಅನ್ನುತ್ತಿದ್ದರು. ಹುಡುಕುತ್ತಾ ಇದ್ದಾರೆ ಸಾರ್ ಎಂದು ನಾನು ಹೇಳುತ್ತಿದ್ದೆ. ಬಸ್ಸಿನಲ್ಲಿ ತಾಯಿಯ ಮಡಿಲಲ್ಲಿ, ಜಗಲಿಯಲ್ಲಿ ತಾತನ ಹೆಗಲ ಮೇಲೆ, ಆ ಮಗು ಯಾವ ಯಂತ್ರಕ್ಕೂ ಗೊತ್ತಿಲ್ಲದೆ ಬೆಳೆಯಿತು. ಕೊನೆಗೆ ಮೇಲಿನಿಂದ ಕೊನೆಯ ನೋಟೀಸು ಬಂದಾಗ ಇನ್ನು ತಡೆಯಲಾಗುವುದಿಲ್ಲ ಎಂದು ನಾನೇ ಹೇಳಿದೆ.

ಆಗ ಅವಳಿಗೆ ಎರಡು ವರ್ಷ. ತಾತನ ಬೆರಳು ಹಿಡಿದು ಕೆಂಗೇರಿ ಕೇಂದ್ರದ ಒಳಗೆ ನಡೆದುಕೊಂಡು ಬಂದಳು. ಅನನ್ಯ ಎಂದು ಹೆಸರಿಟ್ಟಿದ್ದಾರೆ ಎಂದು ಭವ್ಯ ಹೇಳಬಹುದಿತ್ತು, ಹೇಳಲಿಲ್ಲ. ನಾನು ಬಗ್ಗಿ ಕೇಳಿದೆ:

"ನಿನ್ನ ಹೆಸರೇನು ಪುಟ್ಟಿ?"

"ಅನನ್ನ," ಅಂದಳು ಗಟ್ಟಿಯಾಗಿ.

ಹೆಸರು ಬರೆದುಕೊಂಡು ಹಾಕಿದೆ. ಅತ್ತಳು. ತಾತ ಎತ್ತಿಕೊಂಡು ಹೊರಗೆ ಹೋದರು. ಅವರು ಹೋದ ಕಡೆಗೇ ನೋಡುತ್ತಿದ್ದ ನಾನು ಬರೆದದ್ದನ್ನು ತಿರುಗಿ ನೋಡಲೂ ಇಲ್ಲ. ಭವ್ಯಳೇ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು.

"ಮೇಡಂ, 'ಅನನ್ನ' ಅಂತ ಬರ್ದಿದೀರ."

ಒಂದು ಸಲ ಅಂಟಿದ ಹೆಸರು ಬದಲಾಗುವುದಿಲ್ಲ. ನನ್ನ ಮುಖ ನೋಡಿ ಅವಳಿಗೆ ಕರುಣೆ ಬಂದಿರಬೇಕು.

"ಇರ್ಲಿ ಬಿಡಿ," ಅಂದಳು. "ಅವ್ಳು ಹೇಳಿದ್ದನ್ನೇ ಬರ್ದಿದೀರಲ್ಲ."